ಹೊರದೇಶದ ಕಂಪನಿ: ಪೂರ್ತಿ ಕೊಳ್ಳುವುದಾ, ಪಾಲು ಹಿಡಿಯುವುದಾ, ಸುಮ್ನೆ ಕಾಯುವುದಾ?

2007ರ ಜನವರಿ ಕೊನೆಯ ರಾತ್ರಿ. ಬ್ರಿಟನ್ನಿನ ಉಕ್ಕು ಕಂಪನಿ ಕೋರಸ್ ಹರಾಜಿಗೆ ಬಂದಿತ್ತು. ಒಂದು ಕಡೆ ಟಾಟಾ ಸ್ಟೀಲ್, ಇನ್ನೊಂದು ಕಡೆ ಬ್ರೆಜಿಲ್‌ನ ಸಿಎಸ್‌ಎನ್. ಸುತ್ತಿನ ಮೇಲೆ ಸುತ್ತು ಬೆಲೆ ಏರಿತು. ಕೊನೆಗೆ ಸಿಎಸ್‌ಎನ್ ಷೇರಿಗೆ 603 ಪೆನ್ಸ್ ಹೇಳಿ ನಿಂತಿತು. ಟಾಟಾ 608ಕ್ಕೆ ಗೆದ್ದಿತು. ಮೂರು ತಿಂಗಳ ಹಿಂದೆ ಅದೇ ಟಾಟಾ ಹೇಳಿದ್ದ ಬೆಲೆ 455 ಪೆನ್ಸ್. ಒಟ್ಟು ಸುಮಾರು 620 ಕೋಟಿ ಪೌಂಡ್.

ಅದಾಗಿ ಹದಿನಾಲ್ಕು ತಿಂಗಳಿಗೆ, ಅದೇ ಗುಂಪಿನ ಟಾಟಾ ಮೋಟಾರ್ಸ್ ಅದೇ ದೇಶದಲ್ಲಿ ಜಾಗ್ವಾರ್ ಲ್ಯಾಂಡ್ ರೋವರ್ ಕೊಳ್ಳಲು ಸಹಿ ಹಾಕಿತು. ಬೆಲೆ 230 ಕೋಟಿ ಡಾಲರ್. ಮಾರಿದ ಫೋರ್ಡ್ ಆ ಎರಡು ಬ್ರ್ಯಾಂಡ್‌ಗಳಿಗೆ ಒಟ್ಟು 500 ಕೋಟಿಗೂ ಜಾಸ್ತಿ ಕೊಟ್ಟಿತ್ತು. 2008ರ ಜೂನ್‌ನಲ್ಲಿ ಕಂಪನಿ ಕೈಗೆ ಬಂತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ದೊಡ್ಡ ಬ್ಯಾಂಕ್ ಲೀಮನ್ ಬ್ರದರ್ಸ್ ಬಿತ್ತು. ದುಬಾರಿ ಕಾರು ಕೊಳ್ಳುವವರೇ ಇಲ್ಲ. ಆ ವರ್ಷ ಟಾಟಾ ಮೋಟಾರ್ಸ್‌ಗೆ ಒಟ್ಟಾರೆ 2,505 ಕೋಟಿ ರೂಪಾಯಿ ನಷ್ಟ. ಇದಕ್ಕಿಂತ ಕೆಟ್ಟ ಗಳಿಗೆ ಬೇರೆ ಇರಲಿಲ್ಲ.

ಈಗ ಫಲಿತಾಂಶ ನೋಡಿ. ಕೋರಸ್‌ನಿಂದ ಬಂದ ಪೋರ್ಟ್ ಟಾಲ್ಬಟ್ ಕಾರ್ಖಾನೆಯ ಕೊನೆಯ ಊದುಕುಲುಮೆ 2024ರ ಸೆಪ್ಟೆಂಬರ್ 30ರಂದು ಆರಿತು. ಜಾಗ್ವಾರ್ ಲ್ಯಾಂಡ್ ರೋವರ್ ಮಾತ್ರ ಮುಂದೆ ವರ್ಷಗಟ್ಟಲೆ ಟಾಟಾ ಮೋಟಾರ್ಸ್ ವಹಿವಾಟಿನ ಅರ್ಧಕ್ಕಿಂತ ಜಾಸ್ತಿ ತಂದುಕೊಟ್ಟಿತು.

ಒಳ್ಳೆಯ ಕಾಲದಲ್ಲಿ ಕೊಂಡದ್ದು ಭಾರವಾಯಿತು, ಕೆಟ್ಟ ಕಾಲದಲ್ಲಿ ಕೊಂಡದ್ದು ಕೈ ಹಿಡಿಯಿತು. ಹಾಗಾದರೆ ಕಾಲ ನೋಡಿ ಕೊಳ್ಳಬೇಕು ಅನ್ನುವ ಮಾತಿಗೆ ಏನರ್ಥ?

ಈ ಪ್ರಶ್ನೆ ಈಗ ಮತ್ತೆ ಬರುತ್ತಿದೆ. ಸುಂಕ ಇವತ್ತೊಂದು, ನಾಳೆ ಇನ್ನೊಂದು. ರೂಪಾಯಿ ಜಾರುತ್ತದೆ. ಯುರೋಪಿನಲ್ಲಿ ಎರಡು ತಲೆಮಾರು ನಡೆಸಿದ ಸಣ್ಣ ಕಾರ್ಖಾನೆಗಳು ಮಾರಾಟಕ್ಕಿವೆ. ಪೀಣ್ಯದಲ್ಲೋ ಬೊಮ್ಮಸಂದ್ರದಲ್ಲೋ ಹತ್ತಿಪ್ಪತ್ತು ವರ್ಷ ರಫ್ತು ಮಾಡಿದವರಿಗೆ 'ಅಲ್ಲೇ ಒಂದು ಕಂಪನಿ ಹಿಡಿದುಬಿಡೋಣವಾ?' ಅನ್ನಿಸುವುದು ಸಹಜ. ಹೀಗೆ ಕೊಳ್ಳುವ ಕಂಪನಿಯ ಷೇರು ಇಟ್ಟುಕೊಂಡವರಿಗೂ ಅದೇ ತಲೆನೋವು. ಇಬ್ಬರಿಗೂ ಇದು ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ. ಮೊದಲು ಅಳತೆಗೋಲಾಗುವ ಐದು ಪ್ರಶ್ನೆಗಳು, ಆಮೇಲೆ ಐದು ಆಯ್ಕೆಗಳು.

ಸಾಲ ಎಲ್ಲಿ ಕೂತಿದೆ?

ಇದು ಮೊದಲ ಪ್ರಶ್ನೆ. ನನ್ನ ಮಟ್ಟಿಗೆ ಉಳಿದ ನಾಲ್ಕನ್ನೂ ಸೇರಿಸಿದರೆ ಇದರ ತೂಕ ಬರುವುದಿಲ್ಲ. ಬೆಲೆಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಯಾರ ಪುಸ್ತಕದಲ್ಲಿ ಸಾಲ, ಯಾವ ನಾಣ್ಯದಲ್ಲಿ, ಯಾವಾಗ ತೀರಿಸಬೇಕು ಅನ್ನುವುದನ್ನು ಕೇಳುವವರು ಕಡಿಮೆ.

ಕೋರಸ್ ಖರೀದಿಯ ಸಾಲದ ದೊಡ್ಡ ಪಾಲನ್ನು ಬ್ರಿಟನ್ನಿನ ಕಂಪನಿಗಳ ಮೇಲೆಯೇ ಹೊರಿಸಲಾಗಿತ್ತು. ಕೋರಸ್ ದುಡಿದು ತನ್ನ ಖರೀದಿಯ ಸಾಲವನ್ನು ತಾನೇ ತೀರಿಸಬೇಕು. ಕಾಗದದ ಮೇಲೆ ಇದು ಜಾಣತನ. ತಾಯಿ ಕಂಪನಿಗೆ ತಟ್ಟುವುದಿಲ್ಲ. ಆದರೆ ಉಕ್ಕಿನ ಬೆಲೆ ಬಿದ್ದಾಗ ದುಡಿಯಬೇಕಾದ ಎತ್ತಿನ ಮೇಲೆಯೇ ಮೂಟೆ ಇತ್ತು. ಅದರ ಜೊತೆಗೆ ಹಳೆಯ ನೌಕರರ ಪಿಂಚಣಿ ನಿಧಿಯ ಭಾರ. 2017ರಲ್ಲಿ ಆ ನಿಧಿಯಿಂದ ಬಿಡಿಸಿಕೊಳ್ಳಲು 55 ಕೋಟಿ ಪೌಂಡ್ ಕೊಡಬೇಕಾಯಿತು.

ಜಾಗ್ವಾರ್ ಲ್ಯಾಂಡ್ ರೋವರ್ ಬಂದದ್ದು ಬೇರೆ ರೀತಿ. ಹಳೆ ಸಾಲ ಇಲ್ಲದೆ ಕೈಗೆ ಬಂತು. ಪಿಂಚಣಿ ನಿಧಿಗೆ ಮಾರಿದ ಫೋರ್ಡೇ ಸುಮಾರು 60 ಕೋಟಿ ಡಾಲರ್ ತುಂಬಿಕೊಟ್ಟಿತು. ಅಂದರೆ ಕೊಂಡ ವಸ್ತು ಹಗುರವಾಗಿತ್ತು. ಕೊಂಡವನ ಜೇಬು ಮಾತ್ರ ಬಿಗಿಯಾಗಿತ್ತು. ಟಾಟಾ ಮೋಟಾರ್ಸ್ 300 ಕೋಟಿ ಡಾಲರ್ ಬ್ರಿಜ್ ಲೋನ್ (ಬೇರೆ ಹಣ ಹೊಂದುವವರೆಗಿನ ತಾತ್ಕಾಲಿಕ ಸಾಲ) ತೆಗೆದಿತ್ತು. ಅದನ್ನು ತೀರಿಸಲು 2008ರ ಕೊನೆಯಲ್ಲಿ ರೈಟ್ಸ್ ಇಶ್ಯೂ (ಇರುವ ಷೇರುದಾರರಿಗೇ ಹೊಸ ಷೇರು ಮಾರುವುದು) ಮಾಡಿದರೆ ಜನ ಮುಂದೆ ಬರಲಿಲ್ಲ. ಸಾರ್ವಜನಿಕರಿಂದ ಠೇವಣಿ ತೆಗೆದುಕೊಂಡರು, ಕೈಲಿದ್ದ ಬೇರೆ ಷೇರು ಮಾರಿದರು, 2009ರಲ್ಲಿ ಉಳಿದ ಸಾಲಕ್ಕೆ ಹೊಸ ಅವಧಿ ಪಡೆದರು. ನಡುಗುತ್ತಾ ದಾಟಿದರು, ಆದರೆ ದಾಟಿದರು. 2011ರ ಇವೋಕ್ ಕಾರು ಮತ್ತು ಚೀನಾದ ಗಿರಾಕಿಗಳು ಆಮೇಲಿನ ಕಥೆ.

ನಾಣ್ಯದ ವಿಚಾರಕ್ಕೆ ನಮ್ಮದೇ ಊರಿನ ಉದಾಹರಣೆ ಇದೆ. ಬೆಳಗಾವಿಯ ಶ್ರೀ ರೇಣುಕಾ ಶುಗರ್ಸ್ 2010ರ ಹೊತ್ತಿಗೆ ಬ್ರೆಜಿಲ್‌ನಲ್ಲಿ ಎರಡು ಸಕ್ಕರೆ ಕಂಪನಿಗಳನ್ನು ಹಿಡಿಯಿತು. ಯೋಚನೆ ಚೆನ್ನಾಗಿಯೇ ಇತ್ತು. ನಮ್ಮಲ್ಲಿ ಕಬ್ಬು ಅರೆಯುವುದು ಚಳಿಗಾಲದಿಂದ ಬೇಸಿಗೆವರೆಗೆ. ಅಲ್ಲಿ ಏಪ್ರಿಲ್‌ನಿಂದ ವರ್ಷದ ಕೊನೆಯವರೆಗೆ. ಎರಡೂ ಸೇರಿದರೆ ವರ್ಷಪೂರ್ತಿ ಸಕ್ಕರೆ. ಅದೇ ಸಮಯಕ್ಕೆ ಜಗತ್ತಿನ ಸಕ್ಕರೆ ಬೆಲೆ ಆಕಾಶದಲ್ಲಿತ್ತು.

ಆಮೇಲೆ ಒಂದೊಂದಾಗಿ ಎಲ್ಲವೂ ತಿರುಗಿತು. ಸಕ್ಕರೆ ಬೆಲೆ ಐದು ವರ್ಷದಲ್ಲಿ ಮೂರನೇ ಒಂದು ಭಾಗದ ಹತ್ತಿರಕ್ಕೆ ಇಳಿಯಿತು. ಬ್ರೆಜಿಲ್ ಸರ್ಕಾರ ಪೆಟ್ರೋಲ್ ಬೆಲೆ ಏರದಂತೆ ಹಿಡಿದಿಟ್ಟಿತು, ಹಾಗಾಗಿ ಎಥನಾಲ್‌ಗೂ ಬೆಲೆ ಸಿಗಲಿಲ್ಲ. 2010ರಲ್ಲಿ ಒಂದು ಡಾಲರ್‌ಗೆ ಎರಡು ರಿಯಾಲ್ ಕೂಡ ಇರಲಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ನಾಲ್ಕು ಮುಟ್ಟಿತು. ಎಥನಾಲ್, ವಿದ್ಯುತ್ತು ಮಾರಿ ಬರುವುದು ರಿಯಾಲ್. ಡಾಲರ್ ಸಾಲ ಮಾತ್ರ ರಿಯಾಲ್ ಲೆಕ್ಕದಲ್ಲಿ ಎರಡು ಪಟ್ಟು. ಅದೇ ತಿಂಗಳು ಬ್ರೆಜಿಲ್‌ನ ಅಂಗಸಂಸ್ಥೆಗಳು ಕೋರ್ಟಿನ ರಕ್ಷಣೆ ಕೇಳಿದವು. ಮುಂದೆ ಮೂಲ ಕಂಪನಿಯ ಹಿಡಿತವೇ ಸಿಂಗಪುರದ ವಿಲ್ಮಾರ್ ಕೈಗೆ ಹೋಯಿತು.

ಸಕ್ಕರೆ ಬೆಲೆ ಬೀಳುವುದನ್ನು ಯಾರೂ ತಡೆಯಲಾಗದು. ಗಳಿಕೆಯ ನಾಣ್ಯದಲ್ಲಿ ಸಾಲ ಎತ್ತುವುದು, ಕನಿಷ್ಠ ಅರ್ಧವಾದರೂ, ನಮ್ಮ ಕೈಲಿರುತ್ತದೆ. ಅಲ್ಲಿನ ಬಡ್ಡಿ ಜಾಸ್ತಿ ಅಂತ ಎಲ್ಲರೂ ಡಾಲರ್ ಕಡೆ ಓಡುತ್ತಾರೆ. ಆ ಜಾಸ್ತಿ ಬಡ್ಡಿಯನ್ನು ವಿಮೆಯ ಕಂತು ಅಂದುಕೊಳ್ಳಿ.

ಉಳಿದ ನಾಲ್ಕು

ಎರಡನೆಯದು ಹಳೆಯ ಹೊಣೆ. ಪಿಂಚಣಿ, ಕೋರ್ಟು ಕೇಸು, ತೆರಿಗೆ ಬಾಕಿ, ನೆಲಕ್ಕೆ ಸುರಿದ ರಾಸಾಯನಿಕ. ಜಪಾನಿನ ದಾಯಿಚಿ ಸ್ಯಾಂಕ್ಯೋ 2008ರ ಜೂನ್‌ನಲ್ಲಿ ಷೇರಿಗೆ 737 ರೂಪಾಯಿಯಂತೆ ಭಾರತದ ಔಷಧ ಕಂಪನಿ ರ‍್ಯಾನ್‌ಬ್ಯಾಕ್ಸಿ ಕೊಳ್ಳಲು ಒಪ್ಪಿತು. ಸೆಪ್ಟೆಂಬರ್‌ನಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆ ಕಂಪನಿಯ ಹಲವು ಔಷಧಗಳ ಆಮದನ್ನೇ ತಡೆದರು. 2013ರಲ್ಲಿ ರ‍್ಯಾನ್‌ಬ್ಯಾಕ್ಸಿ ಅಮೆರಿಕದಲ್ಲಿ ತಪ್ಪೊಪ್ಪಿಕೊಂಡು 50 ಕೋಟಿ ಡಾಲರ್ ಕಟ್ಟಿತು. 2014ರಲ್ಲಿ ದಾಯಿಚಿ ಅದನ್ನು ಸನ್ ಫಾರ್ಮಾಗೆ ಕೊಡಲು ಒಪ್ಪಿ, 2015ರಲ್ಲಿ ಹೊರಬಂತು. ಮುಖ್ಯ ಮಾಹಿತಿ ಮುಚ್ಚಿಟ್ಟರು ಅಂತ ಹಳೆ ಪ್ರವರ್ತಕರ ಮೇಲೆ ಸಿಂಗಪುರದಲ್ಲಿ ಪಂಚಾಯ್ತಿ (ಆರ್ಬಿಟ್ರೇಷನ್) ಹೂಡಿ 2016ರಲ್ಲಿ ಗೆದ್ದಿತು. ಗೆಲುವು ಗೆಲುವೇ, ಆದರೆ ಎಂಟು ವರ್ಷ! 'ನೀರಲ್ಲಿರುವ ಎಮ್ಮೆಗೆ ದಡದ ಮೇಲೆ ವ್ಯಾಪಾರ' ಅಂತಾರಲ್ಲ, ಹೊರದೇಶದ ಕಂಪನಿ ಕೊಳ್ಳುವುದು ಯಾವಾಗಲೂ ಸ್ವಲ್ಪ ಹಾಗೆಯೇ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಾನು ಲೆಕ್ಕಪತ್ರ ನೋಡುತ್ತಿದ್ದ ಪೀಣ್ಯದ ಒಂದು ಬಿಡಿಭಾಗಗಳ ಕಂಪನಿಗೆ ದಕ್ಷಿಣ ಜರ್ಮನಿಯ ಒಂದು ಸಣ್ಣ ಕಾರ್ಖಾನೆ ಮಾರಾಟಕ್ಕೆ ಬಂತು. ಮಾಲೀಕರಿಗೆ ವಯಸ್ಸಾಗಿತ್ತು, ಮಕ್ಕಳಿಗೆ ಆಸಕ್ತಿ ಇರಲಿಲ್ಲ. ಬೆಲೆ ಕೇಳಿ ನಮ್ಮ ಯಜಮಾನರು 'ಇದು ನೆಲಮಂಗಲದ ಸೈಟಿಗಿಂತ ಅಗ್ಗ ಕಣಯ್ಯಾ' ಅಂದರು. ನಾನೂ ತಲೆಯಾಡಿಸಿದೆ. ಬ್ಯಾಲೆನ್ಸ್ ಶೀಟಿನಲ್ಲಿ ಪಿಂಚಣಿಗೆ ಅಂತ ಒಂದು ಸಾಲು ಇತ್ತು. ಅದನ್ನು ನಮ್ಮ ಗ್ರ್ಯಾಚುಟಿ ಥರ ಅಂದುಕೊಂಡು ದಾಟಿಬಿಟ್ಟೆ. ಅಲ್ಲಿನ ಆಡಿಟರ್ ಒಬ್ಬರು ಕೂತು ವಿವರಿಸಿದ ಮೇಲೆ ಗೊತ್ತಾಯಿತು, ನಿವೃತ್ತರಾದ ಹನ್ನೊಂದು ಜನರಿಗೆ ಬದುಕಿರುವವರೆಗೂ ಕಂಪನಿಯೇ ಕೊಡಬೇಕು, ಅದಕ್ಕೆ ಬೇರೆ ಇಟ್ಟ ದುಡ್ಡು ಇಲ್ಲ. ಅಗ್ಗದ ಬೆಲೆಯ ಗುಟ್ಟು ಅದೇ. ಯಾರೂ ಮುಚ್ಚಿಟ್ಟಿರಲಿಲ್ಲ. ಓದಲು ಬಾರದವನು ನಾನು.

ಮೂರನೆಯದು ಸಹಿಗೂ ಕೀಲಿ ಕೈಗೂ ನಡುವಿನ ಕಾಲ. ಹಿಂದೆ ಇದು ಆರು ತಿಂಗಳ ಮಾತಾಗಿತ್ತು. ಭಾರತದ ಅಲ್ಯೂಮಿನಿಯಂ ಕಂಪನಿ ಹಿಂಡಾಲ್ಕೋದ ಅಂಗಸಂಸ್ಥೆ ನೊವೆಲಿಸ್ 2018ರ ಜುಲೈನಲ್ಲಿ ಸುಮಾರು 260 ಕೋಟಿ ಡಾಲರ್‌ಗೆ ಅಲೆರಿಸ್ ಕಂಪನಿ ಕೊಳ್ಳುವುದಾಗಿ ಹೇಳಿತು. ಮುಗಿದದ್ದು 2020ರ ಏಪ್ರಿಲ್‌ನಲ್ಲಿ, ಕೊರೊನಾ ಲಾಕ್‌ಡೌನ್ ನಡುವೆ. ಅದೂ ಸ್ಪರ್ಧಾ ನಿಯಂತ್ರಕರಿಗಾಗಿ ಬೆಲ್ಜಿಯಂ ಮತ್ತು ಅಮೆರಿಕದ ಎರಡು ಘಟಕ ಮಾರುವುದಾಗಿ ಒಪ್ಪಿ. ಇಪ್ಪತ್ತು ತಿಂಗಳಲ್ಲಿ ಜಗತ್ತೇ ಬೇರೆಯಾಗಿತ್ತು. ಇಂಥ ಕಾಲದಲ್ಲಿ ಬೆಲೆ ಮರುಮಾತಿಗೆ ಅವಕಾಶ ಇದೆಯಾ ಅನ್ನುವುದೇ ಮುಖ್ಯ. ಫ್ರಾನ್ಸಿನ ದುಬಾರಿ ವಸ್ತುಗಳ ಕಂಪನಿ ಎಲ್‌ವಿಎಂಎಚ್ 2019ರಲ್ಲಿ ಅಮೆರಿಕದ ಆಭರಣ ಕಂಪನಿ ಟಿಫಾನಿಯ ಷೇರಿಗೆ 135 ಡಾಲರ್ ಒಪ್ಪಿತ್ತು. ಕೊರೊನಾ ಬಂತು, ಇಬ್ಬರೂ ಕೋರ್ಟಿಗೆ ಹೋದರು, ಕೊನೆಗೆ 131.50ಕ್ಕೆ ರಾಜಿ. ಅಷ್ಟೆಲ್ಲ ಜಗಳಕ್ಕೆ ಇಳಿದದ್ದು ಮೂರೂವರೆ ಡಾಲರ್.

ನಾಲ್ಕನೆಯದು ಸರ್ಕಾರ. ಜಪಾನಿನ ನಿಪ್ಪಾನ್ ಸ್ಟೀಲ್ ಅಮೆರಿಕದ ಯು.ಎಸ್. ಸ್ಟೀಲ್‌ಗೆ 2023ರ ಡಿಸೆಂಬರ್‌ನಲ್ಲಿ 1,490 ಕೋಟಿ ಡಾಲರ್ ಹೇಳಿತು. 2025ರ ಜನವರಿಯಲ್ಲಿ ಬೈಡನ್ ತಡೆದರು. ಜೂನ್‌ನಲ್ಲಿ ಟ್ರಂಪ್ ಸರ್ಕಾರ ಒಪ್ಪಿತು, ಆದರೆ ದೊಡ್ಡ ತೀರ್ಮಾನಗಳಿಗೆ ಅಡ್ಡ ಹಾಕಬಲ್ಲ 'ಚಿನ್ನದ ಷೇರು' ತಾನಿಟ್ಟುಕೊಂಡಿತು. ಸ್ನೇಹದ ದೇಶಕ್ಕೇ ಈ ಗತಿ. ಚಿಪ್ ಕಂಪನಿ ಕ್ವಾಲ್‌ಕಾಮ್ ಇನ್ನೊಂದು ಚಿಪ್ ಕಂಪನಿ ಎನ್‌ಎಕ್ಸ್‌ಪಿ ಕೊಳ್ಳಲು ಎರಡು ವರ್ಷ ಹತ್ತಿರ ಕಾದು, ಚೀನಾ ಒಪ್ಪಿಗೆ ಸಿಗದೆ 2018ರಲ್ಲಿ ಕೈಬಿಟ್ಟಿತು. ಬಿಟ್ಟಿದ್ದಕ್ಕೆ ಕಟ್ಟಿದ ಬ್ರೇಕ್ ಫೀ 200 ಕೋಟಿ ಡಾಲರ್. ಕೊಳ್ಳುವವರು ಅಮೆರಿಕದವರು, ಮಾರುವವರು ನೆದರ್ಲೆಂಡ್ಸಿನವರು, ತಡೆದದ್ದು ಚೀನಾ!

ಐದನೆಯದು, ಹೊರಬರುವ ಬಾಗಿಲು. ಎಷ್ಟು ನಷ್ಟವಾದರೆ ನಿಲ್ಲಿಸುತ್ತೇವೆ ಅಂತ ಕೊಳ್ಳುವ ಮುಂಚೆಯೇ ಬರೆದಿಡಿ. ಇದರ ಬಗ್ಗೆ ಮುಂದೆ ಹೇಳುತ್ತೇನೆ.

ಆಯ್ಕೆ ಒಂದು: ಪೂರ್ತಿ ಕೊಳ್ಳುವುದು

ಹಿಡಿತ ಪೂರ್ತಿ ನಿಮ್ಮದು. ತೀರ್ಮಾನ ಬೇಗ ಆಗುತ್ತದೆ. ತಂತ್ರಜ್ಞಾನ, ಬ್ರ್ಯಾಂಡ್, ಗಿರಾಕಿಗಳ ಪಟ್ಟಿ ಎಲ್ಲವೂ ಬರುತ್ತದೆ. ಅದರ ಜೊತೆ ಮೇಲೆ ಹೇಳಿದ ಹಳೆಯ ಹೊಣೆಗಳೂ ಚಾಚೂ ತಪ್ಪದೆ ಬರುತ್ತವೆ.

ಇದು ಹೊಂದುವುದು ಯಾರಿಗೆ? ಹೊಣೆಗೆ ಕೊನೆಯ ದಿನಾಂಕ ಇದ್ದಾಗ, ಅಲ್ಲಿಯವರೆಗೆ ತಾಳಲು ದುಡ್ಡಿದ್ದಾಗ. ಹಿಂಡಾಲ್ಕೋ 2007ರಲ್ಲಿ ನೊವೆಲಿಸ್ ಕಂಪನಿಯನ್ನು ಸಾಲವೂ ಸೇರಿ ಸುಮಾರು 600 ಕೋಟಿ ಡಾಲರ್‌ಗೆ ಕೊಂಡಾಗ ಎಲ್ಲರೂ ಬೈದರು. ನೊವೆಲಿಸ್ ಆಗ ಡಬ್ಬಿ ತಯಾರಕರ ಜೊತೆ ಬೆಲೆಗೆ ಮಿತಿ ಹಾಕಿದ ಕರಾರು ಮಾಡಿಕೊಂಡಿತ್ತು. ಅಲ್ಯೂಮಿನಿಯಂ ಬೆಲೆ ಅದನ್ನು ದಾಟಿ ಹೋಗಿ, ಮಾರಿದಷ್ಟೂ ನಷ್ಟ. ಆದರೆ ಆ ಕರಾರುಗಳಿಗೆ ಅವಧಿ ಇತ್ತು. ಒಂದೊಂದೇ ಮುಗಿದವು, ಕಂಪನಿ ಎದ್ದು ನಿಂತಿತು. ಇವತ್ತು ಹಿಂಡಾಲ್ಕೋ ವಹಿವಾಟಿನಲ್ಲಿ ದೊಡ್ಡ ಪಾಲು ಅದರದ್ದೇ. ಪಿಂಚಣಿಯ ಹೊಣೆಗೆ ಇಂಥ ಕೊನೆಯ ದಿನಾಂಕ ಇರುವುದಿಲ್ಲ. ನನ್ನ ಲೆಕ್ಕದಲ್ಲಿ ನೊವೆಲಿಸ್‌ಗೂ ಕೋರಸ್‌ಗೂ ಇರುವ ದೊಡ್ಡ ವ್ಯತ್ಯಾಸ ಇದು.

ಭಾರ್ತಿ ಏರ್‌ಟೆಲ್ 2010ರಲ್ಲಿ ಕುವೈತಿನ ಟೆಲಿಕಾಂ ಕಂಪನಿ ಜೈನ್‌ನ ಆಫ್ರಿಕಾ ವ್ಯವಹಾರವನ್ನು, 15 ದೇಶ ಸೇರಿ, 1,070 ಕೋಟಿ ಡಾಲರ್ ಮೌಲ್ಯಕ್ಕೆ ಕೊಂಡಿತು. ಲಂಡನ್ ಷೇರುಪೇಟೆಗೆ ಬರುವಷ್ಟು ಗಟ್ಟಿಯಾಗಲು 2019 ಆಗಬೇಕಾಯಿತು. ನಡುವೆ ಬುರ್ಕಿನಾ ಫಾಸೊ, ಸಿಯೆರಾ ಲಿಯೋನ್ ಮಾರಿದರು. 2023ರಲ್ಲಿ ನೈಜೀರಿಯಾದ ನೈರಾ ಕುಸಿದಾಗ ಲಾಭವನ್ನೆಲ್ಲ ವಿನಿಮಯ ದರವೇ ತಿಂದು ಆ ಲೆಕ್ಕದ ವರ್ಷ ನಷ್ಟ ತೋರಿಸಬೇಕಾಯಿತು. ಹದಿಮೂರು ವರ್ಷದ ನಂತರವೂ ನಾಣ್ಯದ ಕಾಟ ತಪ್ಪಲಿಲ್ಲ, ನೋಡಿ. ಇಷ್ಟು ತಾಳ್ಮೆ ನಿಮ್ಮ ಬ್ಯಾಂಕಿಗೆ ಇದೆಯಾ ಅಂತ ಕೇಳಿಕೊಳ್ಳಿ. ನಿಮಗೆ ಇದ್ದರೆ ಸಾಲದು.

ಆಯ್ಕೆ ಎರಡು: ಕಂತಿನಲ್ಲಿ, ಅಥವಾ ಅರ್ಧ ದುಡ್ಡು ಅರ್ಧ ಷೇರು

ಅನಿಶ್ಚಿತ ಕಾಲಕ್ಕೆ ನನಗೆ ಹೆಚ್ಚು ಹಿಡಿಸುವ ದಾರಿ ಇದು. ಬೆಲೆಯ ಒಂದು ಭಾಗ ಈಗ, ಉಳಿದದ್ದು ಮುಂದೆ. ಮಾರಿದವನೂ ಸ್ವಲ್ಪ ಪಾಲು ಇಟ್ಟುಕೊಂಡಿರುತ್ತಾನೆ. ಹಾಗಾಗಿ ಅವನು ಹೇಳಿದ ಲೆಕ್ಕ ಸುಳ್ಳಾದರೆ ಅವನಿಗೂ ಹೊಡೆತ.

ಬೆಂಗಳೂರಿನ ಬಯೋಕಾನ್ ಬಯೋಲಾಜಿಕ್ಸ್ ಅಮೆರಿಕದ ವಯಾಟ್ರಿಸ್ ಕಂಪನಿಯ ಬಯೋಸಿಮಿಲರ್ (ಜೈವಿಕ ಔಷಧಗಳನ್ನು ಹೋಲುವ ಔಷಧ) ವ್ಯವಹಾರ ಕೊಳ್ಳುವುದಾಗಿ ಹೇಳಿದ್ದು 2022ರ ಫೆಬ್ರವರಿ 28ರಂದು. ಉಕ್ರೇನ್ ಯುದ್ಧ ಶುರುವಾಗಿ ನಾಲ್ಕು ದಿನ. ಒಟ್ಟು 333.5 ಕೋಟಿ ಡಾಲರ್‌ವರೆಗೆ. ಅದರಲ್ಲಿ 200 ಕೋಟಿ ಕೈ ಬದಲಾದ ದಿನ ನಗದು, 100 ಕೋಟಿ ಮುಂದೆ ಷೇರಾಗುವ ಪತ್ರಗಳ ರೂಪದಲ್ಲಿ, ಉಳಿದದ್ದು ಆಮೇಲೆ. ವಯಾಟ್ರಿಸ್‌ಗೆ ಸುಮಾರು ಶೇ 13 ಪಾಲು. ಹಸ್ತಾಂತರದ ನಂತರವೂ ಸ್ವಲ್ಪ ಕಾಲ ಅಂಗಡಿ ನಡೆಸಿಕೊಡುವ ಕೆಲಸವನ್ನು ವಯಾಟ್ರಿಸ್ ಒಪ್ಪಿಕೊಂಡಿತು. ಕಟ್ಟು ಚೆನ್ನಾಗಿದೆ ಅಲ್ವಾ?

ಆದರೂ ಸಾಲದ ಬಿಸಿ ತಟ್ಟದೆ ಇರಲಿಲ್ಲ. ಘೋಷಣೆಯ ದಿನ ಅಮೆರಿಕದ ಫೆಡ್ ಬಡ್ಡಿ ದರ ಹೆಚ್ಚುಕಡಿಮೆ ಸೊನ್ನೆ. ನವೆಂಬರ್ ಕೊನೆಗೆ ಖರೀದಿ ಮುಗಿಯುವಾಗ ಶೇ 3.75ರಿಂದ 4. ಮುಂದಿನ ಜುಲೈಗೆ ಶೇ 5.25ರಿಂದ 5.5. ನಗದಿನ ದೊಡ್ಡ ಪಾಲು ಬ್ಯಾಂಕ್ ಸಾಲ. 2024ರಲ್ಲಿ ಬಯೋಕಾನ್ ಬಯೋಲಾಜಿಕ್ಸ್ ಭಾರತದ ಔಷಧ ಬ್ರ್ಯಾಂಡ್‌ಗಳ ವ್ಯವಹಾರವನ್ನು ಎರಿಸ್ ಲೈಫ್‌ಸೈನ್ಸಸ್‌ಗೆ ಮಾರಿತು, 80 ಕೋಟಿ ಡಾಲರ್ ಬಾಂಡ್ ಬಿಟ್ಟು ಹಳೆ ಸಾಲಕ್ಕೆ ಉದ್ದನೆಯ ಅವಧಿ ಪಡೆಯಿತು. 2025ರ ಜೂನ್‌ನಲ್ಲಿ ಬಯೋಕಾನ್ 4,500 ಕೋಟಿ ರೂಪಾಯಿ ಷೇರು ಬಂಡವಾಳ ಎತ್ತಿತು. ಪೂರ್ತಿ ಬೆಲೆಯನ್ನು ನಗದಿನಲ್ಲೇ ಕೊಟ್ಟಿದ್ದರೆ ಇನ್ನೂ 100 ಕೋಟಿ ಡಾಲರ್ ಸಾಲ ಇರುತ್ತಿತ್ತು. ಅದೊಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ವಾಲ್‌ಮಾರ್ಟ್ 2018ರಲ್ಲಿ ಫ್ಲಿಪ್‌ಕಾರ್ಟ್‌ಗೆ 1,600 ಕೋಟಿ ಡಾಲರ್ ಕೊಟ್ಟು ಶೇ 77 ಮಾತ್ರ ಹಿಡಿಯಿತು. ಅದರಲ್ಲಿ 200 ಕೋಟಿ ಕಂಪನಿಯೊಳಗೇ ಹೋಯಿತು, ಹಳೆ ಷೇರುದಾರರ ಜೇಬಿಗಲ್ಲ. ಆ ವರ್ಷದ ಡಿಸೆಂಬರ್‌ನಲ್ಲೇ ಭಾರತ ಸರ್ಕಾರ ಆನ್‌ಲೈನ್ ಮಾರಾಟದ ವಿದೇಶಿ ಹೂಡಿಕೆ ನಿಯಮ ಬಿಗಿ ಮಾಡಿತು. ಕೊಳ್ಳುವವರು ನಾವಾಗಿದ್ದಾಗ ಹೊರದೇಶದ ನಿಯಮ ಬದಲಾದರೆ ಅನ್ಯಾಯ ಅನ್ನುತ್ತೇವೆ. ನಮ್ಮಲ್ಲೂ ಅದೇ ನಡೆಯುತ್ತದೆ.

ಈ ದಾರಿಯ ತೊಂದರೆ ಏನು? ಮುಂದೆ ಕೊಡುವ ದುಡ್ಡು ಯಾವ ಲಾಭದ ಮೇಲೆ ನಿಂತಿದೆ ಅನ್ನುವುದರ ಬಗ್ಗೆ ಜಗಳ ಬರುತ್ತದೆ. ಲಾಭ ಅಂತ ಬರೆಯಬೇಡಿ, ಮಾರಾಟ ಅಂತ ಬರೆಯಿರಿ. ಲಾಭದ ಲೆಕ್ಕವನ್ನು ಹತ್ತು ರೀತಿ ಬರೆಯಬಹುದು. ಮಾರಾಟದಲ್ಲಿ ಆಟ ಕಡಿಮೆ. ಹಳೆ ಮಾಲೀಕರು ದುಡ್ಡಿಗಾಗಿ ಮಾರಾಟ ಉಬ್ಬಿಸಿ ಉದ್ರಿ ಕೊಡುವ ಅಪಾಯ ಇದೆ, ಅದಕ್ಕೆ 'ವಸೂಲಾದ ಮಾರಾಟ' ಅಂತ ಇನ್ನೊಂದು ಪದ ಸೇರಿಸಿ.

ಆಯ್ಕೆ ಮೂರು: ಕಂಪನಿ ಬೇಡ, ಆಸ್ತಿ ಮಾತ್ರ

ಕೆಟ್ಟ ಕಾಲ ಈ ಬಾಗಿಲನ್ನು ಹೆಚ್ಚು ತೆರೆಯುತ್ತದೆ. ಬ್ರಿಟನ್ನಿನ ಹಳೆಯ ಬೈಕ್ ಕಂಪನಿ ನಾರ್ಟನ್ 2020ರ ಜನವರಿಯಲ್ಲಿ ದಿವಾಳಿ ಪ್ರಕ್ರಿಯೆಗೆ ಹೋಯಿತು. ಏಪ್ರಿಲ್‌ನಲ್ಲಿ, ಎರಡೂ ದೇಶ ಬೀಗ ಹಾಕಿಕೊಂಡಿದ್ದಾಗ, ಟಿವಿಎಸ್ ಮೋಟಾರ್ 1.6 ಕೋಟಿ ಪೌಂಡ್ ನಗದು ಕೊಟ್ಟು ಬ್ರ್ಯಾಂಡ್ ಮತ್ತು ಆಯ್ದ ಆಸ್ತಿಗಳನ್ನು ತೆಗೆದುಕೊಂಡಿತು. ಹಳೆ ಕಂಪನಿ ಅಲ್ಲಿಯೇ ಉಳಿಯಿತು, ಅದರ ರಗಳೆಗಳ ಸಮೇತ.

ಅದೇ ಏಪ್ರಿಲ್‌ನಲ್ಲಿ ಇನ್ನೊಂದು ಘಟನೆ. ಮಹೀಂದ್ರಾ 2011ರಲ್ಲಿ ಕೊರಿಯಾದ ಸಾಂಗ್‌ಯಾಂಗ್ ಕಾರು ಕಂಪನಿಯ ಶೇ 70 ಹಿಡಿದಿತ್ತು. ಅದೂ ಕೋರ್ಟ್ ಉಸ್ತುವಾರಿಯಲ್ಲಿದ್ದ ಕಂಪನಿಯೇ. ಆದರೆ ಕೊಂಡದ್ದು ಆಸ್ತಿಯನ್ನಲ್ಲ, ಕಂಪನಿಯನ್ನು. ಒಂಬತ್ತು ವರ್ಷದ ನಂತರ ಇನ್ನಷ್ಟು ಬಂಡವಾಳ ಕೇಳಿದಾಗ ಮಹೀಂದ್ರಾ ಮಂಡಳಿ ಆಗುವುದಿಲ್ಲ ಎಂದಿತು. ಡಿಸೆಂಬರ್‌ನಲ್ಲಿ ಸಾಂಗ್‌ಯಾಂಗ್ ಮತ್ತೆ ಕೋರ್ಟಿಗೆ. ನಷ್ಟ ದೊಡ್ಡದೇ. ಆದರೂ 'ಇಷ್ಟು ಹಾಕಿದ್ದೇವೆ, ಇನ್ನೊಂದಿಷ್ಟು ಹಾಕೋಣ' ಅನ್ನದೆ ನಿಲ್ಲಿಸಿದ್ದಕ್ಕೆ ನನ್ನ ಮೆಚ್ಚುಗೆ ಇದೆ. ಹೊರಬರುವ ಬಾಗಿಲು ಅಂದದ್ದು ಇದನ್ನೇ.

ಆಸ್ತಿ ಖರೀದಿಯಲ್ಲಿ ಒಂದು ಹಳ್ಳ ಇದೆ. ಯುರೋಪಿನ ಬಹಳ ಕಡೆ ವ್ಯವಹಾರ ಕೈ ಬದಲಾದರೆ ಕೆಲಸಗಾರರು ಹಳೆಯ ಷರತ್ತುಗಳ ಸಮೇತ ನಿಮ್ಮ ಜೊತೆ ಬರುತ್ತಾರೆ. ಕಾನೂನೇ ಹಾಗಿದೆ. ಬರೀ ಯಂತ್ರ ಕೊಂಡೆ ಅಂದುಕೊಂಡರೆ ಆಗುವುದಿಲ್ಲ. ಇನ್ನೊಂದು, ಗಿರಾಕಿಗಳ ಕರಾರು, ಲೈಸೆನ್ಸು ತಾವಾಗಿ ಬರುವುದಿಲ್ಲ. ಒಂದೊಂದಕ್ಕೂ ಒಪ್ಪಿಗೆ ಬೇಕು. ಔಷಧ, ಆಹಾರದ ವ್ಯವಹಾರದಲ್ಲಿ ಇದಕ್ಕೇ ವರ್ಷ ಹಿಡಿಯಬಹುದು. ಯಂತ್ರ, ವಿನ್ಯಾಸ, ಬ್ರ್ಯಾಂಡ್ ಮುಖ್ಯವಾದ ಕಡೆ ಮಾತ್ರ ಇದು ಒಳ್ಳೆಯ ದಾರಿ.

ಆಯ್ಕೆ ನಾಲ್ಕು: ಜಂಟಿ ಉದ್ಯಮ ಅಥವಾ ಬರೀ ಕರಾರು

ಇಲ್ಲಿ ಹೆಚ್ಚು ಹೇಳುವುದಿಲ್ಲ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ನಮ್ಮ ಕಣ್ಣೆದುರೇ ಇದೆ. 1997ರಲ್ಲಿ ಶುರುವಾದದ್ದು, ಈಗ ಶೇ 89 ಮತ್ತು 11ರ ಲೆಕ್ಕದಲ್ಲಿ ನಡೆಯುತ್ತಿದೆ. ಯಾರು ಯಜಮಾನರು ಅನ್ನುವುದರಲ್ಲಿ ಗೊಂದಲ ಇಲ್ಲ, ಬಾಳಿಕೆಗೆ ಅದೂ ಒಂದು ಕಾರಣ ಅಂತ ನನ್ನ ಅನಿಸಿಕೆ. 50-50 ಬೇಡ. ಒಳ್ಳೆಯ ದಿನಗಳಲ್ಲಿ ಅದು ಗೌರವ, ಕೆಟ್ಟ ದಿನಗಳಲ್ಲಿ ಬಂಡಿಗೆ ಎರಡೂ ಕಡೆ ನೊಗ.

ಕರಾರು ಇನ್ನೂ ಹಗುರ. ಟಿವಿಎಸ್ 2013ರಲ್ಲಿ ಬಿಎಂಡಬ್ಲ್ಯು ಜೊತೆ 500 ಸಿಸಿಗಿಂತ ಸಣ್ಣ ಬೈಕುಗಳಿಗೆ ಕೈಜೋಡಿಸಿತು. ಷೇರು ಕೊಳ್ಳುವ ಮಾತೇ ಇಲ್ಲ. ಹೊಸೂರಿನಿಂದ ಬಿಎಂಡಬ್ಲ್ಯು ಜಿ 310 ಹೊರಟಿತು. ಯುರೋಪಿನವರ ಗುಣಮಟ್ಟದ ಹಟ ಏನು ಅಂತ ಏಳು ವರ್ಷ ಕಲಿತ ಮೇಲೆ ಅದೇ ಕಂಪನಿ ನಾರ್ಟನ್‌ಗೆ ಕೈ ಹಾಕಿತು. ಈ ಅನುಕ್ರಮ ನನಗೆ ಇಷ್ಟ.

ಆಯ್ಕೆ ಐದು: ಎದ್ದು ಬರುವುದು

ಇದನ್ನು ಆಯ್ಕೆ ಅಂತ ಯಾರೂ ಎಣಿಸುವುದಿಲ್ಲ. 2008ರ ಆಗಸ್ಟ್‌ನಲ್ಲಿ ಇನ್ಫೋಸಿಸ್ ಬ್ರಿಟನ್ನಿನ ಸಾಫ್ಟ್‌ವೇರ್ ಸಲಹಾ ಕಂಪನಿ ಆಕ್ಸನ್‌ಗೆ ಷೇರಿಗೆ 600 ಪೆನ್ಸ್, ಒಟ್ಟು 40.7 ಕೋಟಿ ಪೌಂಡ್ ಹೇಳಿತು. ಮೂರು ವಾರಕ್ಕೆ ಲೀಮನ್ ಬಿತ್ತು. ಸೆಪ್ಟೆಂಬರ್ ಕೊನೆಗೆ ಎಚ್‌ಸಿಎಲ್ 650 ಪೆನ್ಸ್ ಹೇಳಿತು. ಇನ್ಫೋಸಿಸ್ ಕೈಲಿ ದುಡ್ಡಿತ್ತು. ಏರಿಸಲಿಲ್ಲ. ಅಕ್ಟೋಬರ್ 10ಕ್ಕೆ ಹಿಂದೆ ಸರಿಯಿತು.

ಯಾರು ಸರಿ? ಇಬ್ಬರೂ. ಎಚ್‌ಸಿಎಲ್‌ಗೆ ಎಸ್‌ಎಪಿ (ದೊಡ್ಡ ಕಂಪನಿಗಳ ಲೆಕ್ಕ, ವ್ಯವಹಾರ ನಡೆಸುವ ಸಾಫ್ಟ್‌ವೇರ್) ಸಲಹಾ ಕೆಲಸದಲ್ಲಿ ಬಲ ಬೇಕಿತ್ತು, 50 ಪೆನ್ಸ್ ಜಾಸ್ತಿ ಕೊಟ್ಟು ಪಡೆಯಿತು. ಇನ್ಫೋಸಿಸ್ ತನ್ನ ಲೆಕ್ಕ ಮೊದಲೇ ಹಾಕಿಕೊಂಡಿತ್ತು. ಕೋರಸ್ ಹರಾಜಿನ ರಾತ್ರಿಗೆ ಹೋಲಿಸಿ ನೋಡಿ. 455 ಅಂದವರು 608ಕ್ಕೆ ಹೋದರು. ನಡುವೆ ಉಕ್ಕಿನ ಕಾರ್ಖಾನೆ ಏನೂ ಬದಲಾಗಿರಲಿಲ್ಲ. ಎದುರಾಳಿ ಮಾತ್ರ ಬಂದಿದ್ದ.

ನಿಮ್ಮ ಜೇಬಿಗೆ ಯಾವುದು?

ಮೊದಲು ನಮ್ಮ ದೇಶದ ನಿಯಮ. 2022ರ ಆಗಸ್ಟ್‌ನಲ್ಲಿ ಬಂದ ವಿದೇಶಿ ಹೂಡಿಕೆ ನಿಯಮದ ಪ್ರಕಾರ ಭಾರತದ ಕಂಪನಿ ತನ್ನ ನೆಟ್‌ವರ್ತ್‌ನ (ಆಸ್ತಿಯಲ್ಲಿ ಸಾಲ ಕಳೆದು ಉಳಿದದ್ದು) ನಾಲ್ಕು ಪಟ್ಟಿನವರೆಗೆ ಹೊರದೇಶದಲ್ಲಿ ಹೊಣೆ ಹೊರಬಹುದು. ಒಂದೇ ಆರ್ಥಿಕ ವರ್ಷದಲ್ಲಿ 100 ಕೋಟಿ ಡಾಲರ್ ದಾಟಿದರೆ ರಿಸರ್ವ್ ಬ್ಯಾಂಕ್ ಒಪ್ಪಿಗೆ ಬೇಕು. ಈ ಲೆಕ್ಕದಲ್ಲಿ ಷೇರಿನ ದುಡ್ಡು ಮಾತ್ರವಲ್ಲ, ಸಾಲವೂ ಗ್ಯಾರಂಟಿಯೂ ಸೇರುತ್ತದೆ. ಗ್ಯಾರಂಟಿ ಬರೀ ಕಾಗದ ಅಂತ ಸಹಿ ಹಾಕುವವರು ಇದನ್ನು ಎರಡು ಸಲ ಓದಿ. ಮುಂದೂಡಿದ ಪಾವತಿಗೆ ಅವಕಾಶ ಇದೆ, ಆದರೆ ಅದು ಮೊದಲೇ ಕರಾರಿನಲ್ಲಿ ಇರಬೇಕು. ನಿಮ್ಮ ಖಾತೆ ಎನ್‌ಪಿಎ (ಕಂತು ಕಟ್ಟದೆ ಬಾಕಿ ಬಿದ್ದ ಸಾಲ) ಆಗಿದ್ದರೆ ಬ್ಯಾಂಕಿನಿಂದ ಆಕ್ಷೇಪಣೆ ಇಲ್ಲ ಅಂತ ಪತ್ರ ತರಬೇಕು. ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಅಲ್ಲಿನ ಕಂಪನಿಯ ವರದಿ ಕೊಡಬೇಕು. ಮರೆತರೆ ಮುಂದಿನ ಕಂತು ಕಳಿಸುವಾಗ ಬ್ಯಾಂಕಿನವರು ನೆನಪಿಸುತ್ತಾರೆ, ಅದೂ ಸರಿಯಾಗಿ ಕೊನೆಯ ದಿನ.

ಕುಟುಂಬದ ಕಂಪನಿ, ವಹಿವಾಟು ಹತ್ತಿಪ್ಪತ್ತು ಕೋಟಿ ರೂಪಾಯಿ ಅನ್ನುವವರಿಗೆ ನಾಲ್ಕನೇ ಆಯ್ಕೆಯಿಂದ ಶುರು ಮಾಡಿ ಅನ್ನುತ್ತೇನೆ. ಗಿರಾಕಿ ಸಿಕ್ಕಿ, ಭಾಷೆ, ಜನ ಪರಿಚಯವಾದ ಮೇಲೆ ಮೂರನೆಯದು. ಪೂರ್ತಿ ಕಂಪನಿ ಕೊಳ್ಳುವ ಯೋಚನೆ ಬಂದರೆ ವಕೀಲರು, ಆಡಿಟರ್‌ಗಳ ಬಿಲ್ಲನ್ನು ಮೊದಲು ಕೇಳಿ. ಸಣ್ಣ ಖರೀದಿಗೂ ದೊಡ್ಡ ಖರೀದಿಗೂ ಆ ಖರ್ಚಿನಲ್ಲಿ ಅಷ್ಟೇನೂ ವ್ಯತ್ಯಾಸ ಇರುವುದಿಲ್ಲ, ಹಾಗಾಗಿ ಸಣ್ಣವರಿಗೇ ಭಾರ.

ನೂರಾರು ಕೋಟಿ ವಹಿವಾಟಿನ, ಸಾಲ ಕಡಿಮೆ ಇರುವ ಮಧ್ಯಮ ಕಂಪನಿಗೆ ಎರಡನೆಯದು. ಮಾರುವವರು ಪೂರ್ತಿ ನಗದೇ ಬೇಕು ಅಂತ ಹಟ ಹಿಡಿದರೆ ಬೆಲೆಯ ಒಂದು ಭಾಗವನ್ನಾದರೂ ಒಂದೆರಡು ವರ್ಷ ಎಸ್ಕ್ರೋ ಖಾತೆಯಲ್ಲಿ (ಮೂರನೆಯವರ ಕೈಲಿರುವ ಖಾತೆ) ಇಡಲು ಕೇಳಿ. ಅದಕ್ಕೂ ಒಪ್ಪದಿದ್ದರೆ ಅವರಿಗೆ ಏನೋ ಗೊತ್ತಿದೆ. ಐದನೆಯದಕ್ಕೆ ಹೋಗಿ.

ಕೈಲಿ ನಗದು ತುಂಬಿರುವ ದೊಡ್ಡ ಕಂಪನಿಗೆ ಒಂದನೆಯದೂ ಸರಿ. ಒಂದು ಪರೀಕ್ಷೆ ಮಾತ್ರ. ಕೊಂಡ ಕಂಪನಿಯ ಮಾರಾಟ ಮೂರನೇ ಒಂದು ಭಾಗ ಬಿದ್ದು, ರೂಪಾಯಿ ಕಾಲು ಭಾಗ ಇಳಿದು, ಎರಡು ವರ್ಷ ಹಾಗೇ ಇದ್ದರೆ ಬಡ್ಡಿ ಕಟ್ಟಲಾಗುತ್ತದೆಯಾ? ಅತಿಯಾಯಿತು ಅನ್ನಬೇಡಿ. 2008ರ ಶುರುವಿನಲ್ಲಿ ಡಾಲರ್‌ಗೆ 40 ರೂಪಾಯಿ ಇರಲಿಲ್ಲ. 2009ರ ಮಾರ್ಚ್‌ಗೆ 51 ದಾಟಿತ್ತು.

ಷೇರುದಾರರಿಗೆ ಕೆಲಸ ಕಡಿಮೆ. ಖರೀದಿ ಘೋಷಣೆಯ ದಿನ ಬೆಲೆ ಎಷ್ಟು ಅಂತ ಓದುವ ಮುಂಚೆ 'ಹಣ ಹೇಗೆ ಹೊಂದಿಸುತ್ತಾರೆ' ಅನ್ನುವ ಸಾಲು ಹುಡುಕಿ. ಬ್ರಿಜ್ ಲೋನ್ ಅಂತ ಇದ್ದರೆ ಅವಧಿ ಎಷ್ಟು ತಿಂಗಳು ನೋಡಿ. ಆಮೇಲೆ ಕಂಪನಿಯ ವಾರ್ಷಿಕ ವರದಿಯಲ್ಲಿ ಗ್ಯಾರಂಟಿಗಳ ಟಿಪ್ಪಣಿ ತೆರೆಯಿರಿ.

ಅಂದ ಹಾಗೆ, ಆ ಜರ್ಮನಿಯ ಕಾರ್ಖಾನೆ. ನಾವು ಕೊಳ್ಳಲಿಲ್ಲ. ಯಜಮಾನರಿಗೆ ಬೇಜಾರಾಯಿತು, ಒಂದು ವಾರ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಅವರ ಎರಡು ಭಾಗಗಳನ್ನು ಇಲ್ಲಿ ಮಾಡಿಕೊಡುವ ಕರಾರು ಮಾತ್ರ ಮಾಡಿಕೊಂಡೆವು. ಮೂರು ವರ್ಷದ ನಂತರ ಅವರು ಬಾಗಿಲು ಹಾಕಿದಾಗ ಎರಡು ಗ್ರೈಂಡಿಂಗ್ ಯಂತ್ರಗಳನ್ನು ಕೊಂಡು ಹಡಗಿನಲ್ಲಿ ತರಿಸಿದೆವು. ಈಗಲೂ ಪೀಣ್ಯದಲ್ಲಿ ಓಡುತ್ತಿವೆ. ಗುಂಡಿಗಳ ಮೇಲೆ ಜರ್ಮನ್ ಅಕ್ಷರ, ಪಕ್ಕದಲ್ಲಿ ನಮ್ಮ ಹುಡುಗರು ಮಾರ್ಕರ್‌ನಲ್ಲಿ ಬರೆದ ಕನ್ನಡ.